ರಜೆಯ ದಿನಕ್ಕೂ ಸಂಬಳ: ಅಂಬೇಡ್ಕರ್ ಬಿಟ್ಟುಹೋದ ಲೆಕ್ಕ

ಬ್ರಿಟಿಷ್ ಸರ್ಕಾರವು 1891ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ಕಾರ್ಮಿಕರಿಗೆ ವಾರಕ್ಕೊಂದು ದಿನ ಬಿಡುವು ನೀಡಿತು. ಮುಂಬೈ ಗಿರಣಿ ಕಾರ್ಮಿಕರನ್ನು ಸಂಘಟಿಸಿದ ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟ ಇದರ ಹಿಂದಿತ್ತು. ಆದರೆ ದಿನಗೂಲಿಯವನ ಪಾಲಿಗೆ ಆ ಬಿಡುವು ಕೂಲಿಯಿಲ್ಲದ ದಿನವೂ ಆಗಿತ್ತು. ಅದೇ ವರ್ಷ ಏಪ್ರಿಲ್ 14ರಂದು ಮಹೂ ದಂಡುಪ್ರದೇಶದಲ್ಲಿ ಸುಬೇದಾರ್ ರಾಮ್‌ಜಿ ಸಕ್ಪಾಲರ ಮಗನಾಗಿ ಭೀಮರಾವ್ ಹುಟ್ಟಿದರು. ವಾರದ ಬಿಡುವಿನ ಆಚೆಗೆ ವರ್ಷದಲ್ಲಿ ಕೆಲವು ದಿನವಾದರೂ ಸಂಬಳಸಹಿತ ರಜೆ ಸಿಗಬೇಕೆಂಬುದು ಈ ದೇಶದ ಕಾಯ್ದೆಯಾಗಲು ಇನ್ನೂ 54 ವರ್ಷ ಹಿಡಿಯಿತು. ಆ ಹೊತ್ತಿಗೆ ಕಾರ್ಮಿಕ ಖಾತೆ ಅದೇ ಭೀಮರಾವ್ ಅಂಬೇಡ್ಕರರ ಕೈಯಲ್ಲಿತ್ತು.

ಸಂವಿಧಾನದ ಶಿಲ್ಪಿಯನ್ನು ನಾವು ವರ್ಷಕ್ಕೆರಡು ಬಾರಿ ನೆನೆಯುತ್ತೇವೆ. ಕಾರ್ಮಿಕ ಖಾತೆಯ ಅಂಬೇಡ್ಕರರನ್ನು ನೆನೆಯುವವರು ಕಡಿಮೆ. ದುಡಿಯುವವರ ಬದುಕು ಅವರಿಗೆ ಪುಸ್ತಕದಿಂದ ತಿಳಿದದ್ದಲ್ಲ. ಅವರು ಬಹುಕಾಲ ನೆಲೆಸಿದ್ದು ಮುಂಬೈನ ಪರೇಲ್‌ನ ಚಾಳಿನಲ್ಲಿ, ಗಿರಣಿ ಕಾರ್ಮಿಕರ ನಡುವೆ. ಹೆಚ್ಚು ಕೂಲಿ ಸಿಗುತ್ತಿದ್ದ ನೇಯ್ಗೆ ವಿಭಾಗಕ್ಕೆ ಅಸ್ಪೃಶ್ಯರಿಗೆ ಪ್ರವೇಶವಿರಲಿಲ್ಲ. ಲಾಳಿಯ ನೂಲನ್ನು ಬಾಯಿಂದ ಎಳೆಯಬೇಕಾಗಿದ್ದುದೇ ಅದಕ್ಕೆ ನೆಪ. 1928ರ ದೊಡ್ಡ ಮುಷ್ಕರದ ವೇಳೆ ಅಂಬೇಡ್ಕರರು ಈ ಪ್ರಶ್ನೆಯನ್ನು ಕಾರ್ಮಿಕ ನಾಯಕರ ಮುಂದೆಯೇ ಇಟ್ಟರು. ಸಂಬಳಗಾರನ ಅಸಹಾಯಕತೆಯನ್ನೂ ಅವರು ಉಂಡಿದ್ದರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ 1917ರಲ್ಲಿ ಬರೋಡಾದಲ್ಲಿ ನೌಕರಿಗೆ ಸೇರಿದಾಗ ಇರಲು ಮನೆ ಸಿಗದೆ ಊರನ್ನೇ ಬಿಡಬೇಕಾಯಿತು.

1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಅವರು ಅದನ್ನು ಬೆಂಬಲಿಸಿದರು. ತಮ್ಮ ಐದು ಮಕ್ಕಳಲ್ಲಿ ನಾಲ್ವರನ್ನು ಎಳವೆಯಲ್ಲೇ ಕಳೆದುಕೊಂಡಿದ್ದ ತಂದೆ ಅವರು. ತಾಯಿಗೆ ವಿಶ್ರಾಂತಿ ದೊರೆಯುವುದು ಇಡೀ ರಾಷ್ಟ್ರದ ಹಿತ, ಆದ್ದರಿಂದ ಸರ್ಕಾರ ಹೊರೆ ಹೊರುವುದು ನ್ಯಾಯ. ಆದರೂ ಆಕೆಯ ದುಡಿಮೆಯಿಂದ ಲಾಭ ಪಡೆಯುವ ಮಾಲೀಕ ತನ್ನ ಪಾಲನ್ನು ತಪ್ಪಿಸಿಕೊಳ್ಳಲಾಗದು ಎಂಬುದು ಅವರ ವಾದದ ಸಾರ. 1936ರಲ್ಲಿ ಅವರು ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದರು. ಮುಷ್ಕರದ ಹಕ್ಕನ್ನು ಮೊಟಕುಗೊಳಿಸುವ ಮಸೂದೆಯ ವಿರುದ್ಧ 1938ರ ನವೆಂಬರ್ 7ರಂದು ಮುಂಬೈಯಲ್ಲಿ ಕಮ್ಯುನಿಸ್ಟರ ಜತೆ ನಿಂತು ಮುಷ್ಕರ ನಡೆಸಿದರು.

1942ರ ಜುಲೈನಲ್ಲಿ ಅವರು ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾದರು. ಯುದ್ಧಕ್ಕಾಗಿ ಹೆಚ್ಚು ದುಡಿಸುವುದೇ ಸರ್ಕಾರದ ಧ್ಯೇಯವಾಗಿದ್ದ ಕಾಲವದು. 1945ರ ತಿದ್ದುಪಡಿಯು, ವರ್ಷವಿಡೀ ನಡೆಯುವ ಕಾರ್ಖಾನೆಯಲ್ಲಿ ಹನ್ನೆರಡು ತಿಂಗಳು ದುಡಿದ ವಯಸ್ಕನಿಗೆ ಹತ್ತು ದಿನ, ಬಾಲಕಾರ್ಮಿಕನಿಗೆ ಹದಿನಾಲ್ಕು ದಿನ ಸಂಬಳಸಹಿತ ರಜೆ ನೀಡಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1936ರ ಒಡಂಬಡಿಕೆ ವಯಸ್ಕರಿಗೆ ಕೇಳಿದ್ದು ಕನಿಷ್ಠ ಆರು ಕೆಲಸದ ದಿನಗಳನ್ನು ಮಾತ್ರ. 1946ರಲ್ಲಿ ವಾರದ ದುಡಿಮೆಯೂ 54 ಗಂಟೆಗಳಿಂದ 48ಕ್ಕೆ ಇಳಿಯಿತು.

ಕೆಲಸ ಮಾಡದ ದಿನಕ್ಕೆ ಮಾಲೀಕ ಹಣ ಏಕೆ ಕೊಡಬೇಕು? ಇಂದಿಗೂ ಕೇಳಿಬರುವ ಪ್ರಶ್ನೆಯಿದು. ಉತ್ತರ ಆ ಕಾಯ್ದೆಯ ಲೆಕ್ಕದಲ್ಲೇ ಇದೆ ಎಂಬುದು ನನ್ನ ತಿಳಿವಳಿಕೆ. ರಜೆಯನ್ನು ಅದು ದುಡಿದ ಅವಧಿಗೆ ಗಂಟು ಹಾಕಿತು. 1948ರ ಕಾರ್ಖಾನೆ ಕಾಯ್ದೆ ಆ ಲೆಕ್ಕವನ್ನು ಇನ್ನಷ್ಟು ಸ್ಪಷ್ಟಪಡಿಸಿತು: ದುಡಿದ ಪ್ರತಿ ಇಪ್ಪತ್ತು ದಿನಕ್ಕೆ ಒಂದು ದಿನ. ಅಂದರೆ ರಜೆಯ ಸಂಬಳ ದಾನವಲ್ಲ, ಮೊದಲೇ ದುಡಿದಿಟ್ಟ ಕೂಲಿ. ಕೊಡುವವನ ಔದಾರ್ಯವಾಗಿದ್ದುದು ಪಡೆಯುವವನ ಬಾಕಿಯಾಯಿತು. ಮಾಲೀಕನೊಬ್ಬನೇ ಹೊರಲಾಗದ ಹೊರೆಗೆ ಬೇರೆ ದಾರಿ ಹುಡುಕಲಾಯಿತು. ಅಂಬೇಡ್ಕರರ ಕಾಲದಲ್ಲಿ, 1944ರಲ್ಲಿ ಸಿದ್ಧವಾದ ಅಡಾರ್ಕರ್ ವರದಿಯಿಂದ 1948ರ ನೌಕರರ ರಾಜ್ಯ ವಿಮಾ ಕಾಯ್ದೆ ಮೂಡಿತು; ಕಾಯಿಲೆಯ ದಿನಗಳ ಖರ್ಚು ವಂತಿಗೆಯ ನಿಧಿಗೆ ಹೋಯಿತು.

ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಈ ಹಕ್ಕನ್ನು ಅಂಗಡಿ, ಕಚೇರಿಗಳಿಗೂ ತಂದಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ, ರಜೆಗೆ ಬೇಕಾದ ದುಡಿಮೆಯನ್ನು 240 ದಿನಗಳಿಂದ 180ಕ್ಕೆ ಇಳಿಸಿದೆ. ಮಹಿಳಾ ನೌಕರರಿಗೆ ವರ್ಷಕ್ಕೆ ಹನ್ನೆರಡು ದಿನ ಸಂಬಳಸಹಿತ ಮುಟ್ಟಿನ ರಜೆ ನೀಡಲು ನಮ್ಮ ರಾಜ್ಯದ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿದಾಗ, ವೆಚ್ಚಕ್ಕೆ ಹೆದರಿ ಮಾಲೀಕರು ಹೆಣ್ಣುಮಕ್ಕಳನ್ನೇ ಕೆಲಸಕ್ಕೆ ತೆಗೆದುಕೊಳ್ಳದಿದ್ದರೆ ಎಂಬ ಆತಂಕ ವ್ಯಕ್ತವಾಯಿತು. ಆತಂಕ ಹುಸಿಯಲ್ಲ. ಆದರೆ ಅದಕ್ಕೆ ಮದ್ದು ರಜೆಯನ್ನು ನಿರಾಕರಿಸುವುದಲ್ಲ, ವೆಚ್ಚವನ್ನು ಹಂಚಿಕೊಳ್ಳುವುದು. 1928ರ ವಾದದಲ್ಲಿ ಆ ಹೊಳಹು ಇತ್ತು.

ಆದರೂ ಈ ಕಾಯ್ದೆಗಳಿಗೊಂದು ಹೊಸ್ತಿಲಿದೆ. ಅವು ಕಾರ್ಖಾನೆ, ಅಂಗಡಿ, ಕಚೇರಿಗಳನ್ನು ಬಲ್ಲವು, ಮನೆಯನ್ನು ಅರಿಯವು. ಹೊಸ ಸಂಹಿತೆಯ ಲೆಕ್ಕ ಸಾಮಾನ್ಯವಾಗಿ ಆರಂಭವಾಗುವುದೇ ಹತ್ತು ಮಂದಿ ದುಡಿಯುವಲ್ಲಿ. ನಮ್ಮ ಮನೆಯ ಪಾತ್ರೆ ತೊಳೆಯುವಾಕೆ ಒಬ್ಬಳೇ. ಗಳಿಕೆ ರಜೆಯನ್ನು ಕೂಡಿಟ್ಟು, ನಿವೃತ್ತಿಯ ದಿನ ನಗದಾಗಿಸಿಕೊಳ್ಳುವ ನಾವೇ, ಆಕೆ ಮಗುವಿಗೆ ಜ್ವರವೆಂದು ಎರಡು ದಿನ ಬಾರದಿದ್ದರೆ ತಿಂಗಳ ಕೊನೆಗೆ ಸಂಬಳ ಮುರಿದುಕೊಳ್ಳುತ್ತೇವೆ.

ಬಿಡುವಿನ ಪೂರ್ಣ ಅನುಭವವನ್ನು ಎಲ್ಲ ದುಡಿಯುವವರಿಗೂ ದೊರಕಿಸಲು ಪ್ರಭುತ್ವ ಯತ್ನಿಸಬೇಕೆನ್ನುತ್ತದೆ, ಸಂವಿಧಾನದ 43ನೆಯ ವಿಧಿ. ಅಂಬೇಡ್ಕರರು ತೀರಿಕೊಂಡದ್ದು 1956ರಲ್ಲಿ. ಆ ವಿಧಿ ಮನೆಗೆಲಸದವರನ್ನು ಕಾಯ್ದೆಯ ಮೂಲಕ ಯಾವಾಗ ತಲುಪುವುದೋ ತಿಳಿಯದು. ಇಪ್ಪತ್ತು ದಿನಕ್ಕೊಂದು ದಿನವೆಂಬ ಲೆಕ್ಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲು ಮಾತ್ರ ಯಾವ ಸರ್ಕಾರದ ಆದೇಶವೂ ಬೇಕಿಲ್ಲ.