ಪಿಯಾನೊ ವಾದಕ ಸ್ಕಾಟ್ ಜಾಪ್ಲಿನ್

ಶಾಲಾ ವಾರ್ಷಿಕೋತ್ಸವ ಹತ್ತಿರ ಬಂದಿತೆಂದರೆ ನಮ್ಮಲ್ಲಿ ಒಂದು ಸಣ್ಣ ಜಗಳ ತಪ್ಪಿದ್ದಲ್ಲ. ಮಕ್ಕಳಿಗೆ ಡಿಸ್ಕೊ ಹಾಡಿಗೆ ಕುಣಿಯುವ ಆಸೆ. ಹಿರಿಯರಿಗೆ ಅದು ಬರೀ ಗದ್ದಲ. ಎರಡು ಪಕ್ಷಗಳ ನಡುವೆ ಸಿಕ್ಕಿಕೊಳ್ಳುವವರು ಕನ್ನಡ ಪಂಡಿತರಾದ ನಾವು. ಈ ಗದ್ದಲದ ಬೇರನ್ನು ಹುಡುಕುತ್ತ ಹೋದರೆ ನೂರು ವರ್ಷಕ್ಕೂ ಹಿಂದೆ, ಅಮೆರಿಕದಲ್ಲಿ ಪಿಯಾನೊ ಮುಂದೆ ಕುಳಿತ ಒಬ್ಬ ಬಡ ಕರಿಯ ಯುವಕ ಕಾಣಸಿಗುತ್ತಾನೆ. ಆತನೇ ಸ್ಕಾಟ್ ಜಾಪ್ಲಿನ್. ಮಕ್ಕಳೂ ಪೋಷಕರೂ ಒಟ್ಟಿಗೆ ಕುಳಿತು ಓದಲಿ ಎಂದು ಆತನ ಜೀವನಕಥೆಯನ್ನು ಇಲ್ಲಿ ಬರೆದಿದ್ದೇವೆ.

ಜಾಪ್ಲಿನ್ ಹುಟ್ಟಿದ್ದು 1868ರ ಸುಮಾರಿಗೆ, ಟೆಕ್ಸಾಸ್ ರಾಜ್ಯದ ಈಶಾನ್ಯ ಭಾಗದಲ್ಲಿ. ಹುಟ್ಟಿದ ದಿನವನ್ನು ಬರೆದಿಟ್ಟವರಿಲ್ಲ. 1865ರಲ್ಲಿ ಗುಲಾಮಗಿರಿ ರದ್ದಾಗಿ ಆಗ ಮೂರು ವರ್ಷವಾಗಿತ್ತು, ಅಷ್ಟೆ. ತಂದೆ ಜೈಲ್ಸ್ ಗುಲಾಮನಾಗಿದ್ದು ಬಿಡುಗಡೆ ಕಂಡವನು, ಪಿಟೀಲು ಬಾರಿಸುತ್ತಿದ್ದನು. ತಾಯಿ ಫ್ಲಾರೆನ್ಸ್ ಹಾಡುತ್ತಿದ್ದಳು, ಬ್ಯಾಂಜೊ ನುಡಿಸುತ್ತಿದ್ದಳು. ಮುಂದೆ ಈ ಸಂಸಾರ ಟೆಕ್ಸಾರ್ಕಾನ ಎಂಬ ಊರಿಗೆ ಬಂದಿತು. ಗಡಿನಾಡಿನವರಾದ ನಮಗೆ ಈ ಊರು ಸ್ವಲ್ಪ ನೆಂಟನಂತೆ ತೋರುತ್ತದೆ. ಟೆಕ್ಸಾಸ್ ಮತ್ತು ಆರ್ಕನ್ಸಾ ರಾಜ್ಯಗಳ ಗಡಿ ಊರ ಮಧ್ಯದಲ್ಲಿಯೇ ಹಾದುಹೋಗುತ್ತದೆ. ಅಂಚೆ ಕಚೇರಿಯ ಕಟ್ಟಡವೂ ಗೆರೆಯ ಮೇಲೆಯೇ ನಿಂತಿದೆ.

ತಂದೆ ಮನೆಯನ್ನು ತೊರೆದ ಮೇಲೆ ತಾಯಿ ಬಿಳಿಯರ ಮನೆಗಳಲ್ಲಿ ಕಸಮುಸುರೆ ಮಾಡಿ ಮಕ್ಕಳನ್ನು ಸಾಕಿದಳು. ಅವಳು ನೆಲ ಒರೆಸುತ್ತಿದ್ದ ಹೊತ್ತಿನಲ್ಲಿ ಹುಡುಗನು ಆ ಮನೆಯ ಪಿಯಾನೊ ಮುಂದೆ ಕುಳಿತು ಬೆರಳಾಡಿಸುತ್ತಿದ್ದನು. ಊರಿನಲ್ಲಿ ಜೂಲಿಯಸ್ ವೈಸ್ ಎಂಬ ಜರ್ಮನ್ ಸಂಗೀತ ಶಿಕ್ಷಕನಿದ್ದನು. ಹುಡುಗನ ಕೈಚಳಕವನ್ನು ಕಂಡು ಆತ ಬಿಡಿಕಾಸನ್ನೂ ತೆಗೆದುಕೊಳ್ಳದೆ ಪಾಠ ಹೇಳಿದನು. ಯೂರೋಪಿನ ಶಾಸ್ತ್ರೀಯ ಸಂಗೀತವನ್ನೂ, ಹಾಡಿನಲ್ಲಿಯೇ ಕಥೆ ನಡೆಯುವ ಆಪೆರಾ ಎಂಬ ಗೀತನಾಟಕವನ್ನೂ ಪರಿಚಯಿಸಿದನು. ಕರಿಯರ ಮಕ್ಕಳಿಗೆ ಅಕ್ಷರ ಸಿಗುವುದೇ ಕಷ್ಟವಾಗಿದ್ದ ಕಾಲವದು. ಜಾಪ್ಲಿನ್ ದೊಡ್ಡವನಾದ ಮೇಲೆ, ಮುಪ್ಪಿನಲ್ಲಿ ಕಾಯಿಲೆ ಬಿದ್ದಿದ್ದ ಗುರುವಿಗೆ ಆಗಾಗ ಹಣ ಕಳುಹಿಸುತ್ತಿದ್ದನೆಂದು ಆತನ ಹೆಂಡತಿ ಮುಂದೆ ನೆನಪು ಮಾಡಿಕೊಂಡಿದ್ದಾಳೆ. ಶಿಕ್ಷಕರಾದ ನಮಗೆ ಈ ಜೀವನದಲ್ಲಿ ಎಲ್ಲಕ್ಕಿಂತ ಹಿಡಿಸಿದ ಸಂಗತಿ ಇದು, ಪಕ್ಷಪಾತವೆಂದರೆ ಒಪ್ಪಿಕೊಳ್ಳುತ್ತೇವೆ.

ಹರೆಯದಲ್ಲಿ ಜಾಪ್ಲಿನ್ ಊರೂರು ತಿರುಗಿ ಹೊಟ್ಟೆ ಹೊರೆದನು. 1893ರಲ್ಲಿ ಷಿಕಾಗೊ ನಗರದ ಮಹಾಪ್ರದರ್ಶನದ ಸಮಯದಲ್ಲಿ ಅಲ್ಲಿಗೆ ಹೋದನು. ಸ್ವಾಮಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ್ದು ಅದೇ ವರ್ಷ, ಅದೇ ಊರಿನಲ್ಲಿ. ಆಮೇಲೆ ಮಿಸ್ಸೂರಿ ರಾಜ್ಯದ ಸೆಡೇಲಿಯ ಎಂಬ ಪಟ್ಟಣದಲ್ಲಿ ನೆಲೆಯೂರಿದನು.

ಆಗ ಕರಿಯರಲ್ಲಿ ಹಬ್ಬುತ್ತಿದ್ದ ವಾದನಕ್ಕೆ ರ‍್ಯಾಗ್‌ಟೈಮ್ ಎಂದು ಹೆಸರು. ನಮ್ಮ ರಾಗಕ್ಕೂ ಇದಕ್ಕೂ ಸಂಬಂಧವಿಲ್ಲ. ಹರಿದು ಚಿಂದಿಯಾದ ಲಯ ಎಂದು ಅರ್ಥ ಮಾಡಿಕೊಳ್ಳಬಹುದು. ಎಡಗೈ ಗಡಿಯಾರದಂತೆ ತಾಳವನ್ನು ಬಿಡದೆ ಹಿಡಿಯುತ್ತದೆ. ಬಲಗೈಯ ಸ್ವರಗಳು ಆ ಪೆಟ್ಟಿಗೆ ಸರಿಯಾಗಿ ಬೀಳದೆ ತುಸು ಮೊದಲೋ ತುಸು ತಡವಾಗಿಯೋ ಬಂದು ಒತ್ತು ಕೊಡುತ್ತವೆ. ಯಕ್ಷಗಾನದಲ್ಲಿ ಭಾಗವತರ ಜಾಗಟೆ ಒಂದು ಕಡೆ ಬಿದ್ದು ಪದ ಇನ್ನೊಂದು ಕಡೆ ಎತ್ತಿಕೊಂಡಾಗ ನಮ್ಮ ಕಾಲು ತಾನಾಗಿ ಅಲುಗುವುದಿಲ್ಲವೆ? ಹಾಗೆಯೇ ಇದು. ಮುಂದೆ ಬಂದ ಜಾಜ್, ಅದರ ಮೊಮ್ಮಕ್ಕಳಾದ ಫಂಕ್, ಡಿಸ್ಕೊಗಳಲ್ಲಿಯೂ ಈ ಆಟ ಬೇರೆ ಬೇರೆ ರೂಪಗಳಲ್ಲಿ ನಡೆಯುತ್ತಲೇ ಇದೆ.

1899ರಲ್ಲಿ ಜಾಪ್ಲಿನ್ನನ ಮೇಪಲ್ ಲೀಫ್ ರ‍್ಯಾಗ್ ಎಂಬ ಕೃತಿಯನ್ನು ಜಾನ್ ಸ್ಟಾರ್ಕ್ ಎಂಬ ವ್ಯಾಪಾರಿ ಅಚ್ಚು ಹಾಕಿಸಿದನು. ಕರಿಯ ಸಂಗೀತಗಾರನ ಕೈಗೆ ಒಂದಿಷ್ಟು ಪುಡಿಗಾಸು ಹಾಕಿ ಕೃತಿಯನ್ನು ಪೂರ್ತಿ ಕೊಂಡುಬಿಡುವುದು ಅಂದಿನ ರೂಢಿ. ಜಾಪ್ಲಿನ್ ಹಾಗೆ ಬಿಡಲಿಲ್ಲ. ವಕೀಲನ ಸಹಾಯದಿಂದ ಕರಾರು ಬರೆಸಿ, ಮಾರಾಟವಾದ ಪ್ರತಿಯೊಂದಕ್ಕೆ 1 ಸೆಂಟ್ ತನಗೆ ಬರುವಂತೆ ಮಾಡಿಕೊಂಡನು. ಮೊದಲ 400 ಪ್ರತಿಗಳು ಖರ್ಚಾಗಲು ಒಂದು ವರ್ಷ ಹಿಡಿಯಿತಂತೆ. ಆಮೇಲೆ ಅದು ದೇಶವನ್ನೆಲ್ಲ ವ್ಯಾಪಿಸಿತು. ಆತ ಶ್ರೀಮಂತನೇನೂ ಆಗಲಿಲ್ಲ. ಆದರೆ ಆ ಒಂದೊಂದು ಸೆಂಟ್ ಬದುಕಿನುದ್ದಕ್ಕೂ ಕೈಹಿಡಿಯಿತು.

ರ‍್ಯಾಗ್‌ಟೈಮ್ ಅನ್ನು ಕುಡಿತದ ಅಂಗಡಿಗಳ ಸಂಗೀತವೆಂದು ದೊಡ್ಡವರು ಮೂಗು ಮುರಿಯುತ್ತಿದ್ದರು. ಬಾರಿಸುವವರೂ ಓಟದ ಪಂದ್ಯದಂತೆ ಬಾರಿಸುತ್ತಿದ್ದರು. ಜಾಪ್ಲಿನ್ನನಿಗೆ ಇವೆರಡೂ ಸರಿಬರಲಿಲ್ಲ. ತನ್ನ ಕೃತಿಗಳ ಮೇಲೆ, ಇದನ್ನು ವೇಗವಾಗಿ ನುಡಿಸಬಾರದೆಂದು ಅಚ್ಚು ಹಾಕಿಸಿದನು. 1908ರಲ್ಲಿ ಕಲಿಯುವವರಿಗಾಗಿ ಆರು ಅಭ್ಯಾಸಗಳ ಒಂದು ಪಾಠಪುಸ್ತಕವನ್ನೇ ಹೊರತಂದನು.

ಆತನ ಮನಸ್ಸೆಲ್ಲ ಆಪೆರಾದ ಮೇಲೆ. 1901ರಲ್ಲಿ ಕರಿಯ ನಾಯಕ ಬುಕರ್ ವಾಷಿಂಗ್ಟನ್ನನು ಅಧ್ಯಕ್ಷ ರೂಸ್‌ವೆಲ್ಟನ ಅತಿಥಿಯಾಗಿ ಶ್ವೇತಭವನದಲ್ಲಿ ಊಟ ಮಾಡಿದ್ದನು. ಇದೇ ವಸ್ತುವಿನ ಮೇಲೆ ಜಾಪ್ಲಿನ್ ಒಂದು ಆಪೆರಾ ರಚಿಸಿ 1903ರಲ್ಲಿ ಮೇಳ ಕಟ್ಟಿ ತಿರುಗಾಟ ಹೊರಟನು. ದಾರಿಯಲ್ಲಿ ಹಣ ಕಳುವಾಗಿ ಮೇಳ ಮುರಿಯಿತು. 1904ರಲ್ಲಿ ಮದುವೆಯಾದ ಎಳೆಯ ಹೆಂಡತಿ ಫ್ರೆಡಿ ಕೆಲವೇ ವಾರಗಳಲ್ಲಿ ತೀರಿಕೊಂಡಳು.

1907ರಲ್ಲಿ ನ್ಯೂಯಾರ್ಕಿಗೆ ಹೋದ ಜಾಪ್ಲಿನ್ ಎರಡನೆಯ ಆಪೆರಾವನ್ನು ಮುಗಿಸಿದನು. ಹೆಸರು ಟ್ರೀಮೊನಿಷ. ಮರದ ಕೆಳಗೆ ಸಿಕ್ಕಿದ ಒಂದು ಹೆಣ್ಣುಮಗು ಅದರ ನಾಯಕಿ. ಸಾಕುತಾಯಿ ಬಿಳಿಯ ಹೆಂಗಸೊಬ್ಬಳ ಮನೆಯ ಬಟ್ಟೆ ಒಗೆದು, ಕೂಲಿಗೆ ಬದಲು ಮಗಳಿಗೆ ಅಕ್ಷರ ಕಲಿಸಿರೆಂದು ಕೇಳಿಕೊಳ್ಳುತ್ತಾಳೆ. ಓದಿದ ಹುಡುಗಿ ಮಾಟಮಂತ್ರದವರನ್ನು ಎದುರಿಸಿ, ಕೊನೆಗೆ ಅವರನ್ನು ಕ್ಷಮಿಸಿ, ಊರಿಗೆ ಮುಖಂಡಳಾಗುತ್ತಾಳೆ. ಕಥೆ ನಡೆಯುವುದು ಟೆಕ್ಸಾರ್ಕಾನದ ಹತ್ತಿರವೇ. ಆ ತಾಯಿ ಯಾರೆಂದು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಅಚ್ಚು ಹಾಕಿಸಲು ಯಾರೂ ಮುಂದೆ ಬರಲಿಲ್ಲ. 1911ರಲ್ಲಿ 230 ಪುಟಗಳ ಗ್ರಂಥವನ್ನು ಆತ ಸ್ವಂತ ಖರ್ಚಿನಿಂದ ಪ್ರಕಟಿಸಿದನು. 1915ರಲ್ಲಿ ಹಾರ್ಲೆಮ್‌ನಲ್ಲಿ ಒಂದು ಪ್ರಯೋಗವೇನೋ ಆಯಿತು. ಪರದೆಯಿಲ್ಲ, ವೇಷಭೂಷಣವಿಲ್ಲ, ವಾದ್ಯವೃಂದವಿಲ್ಲ. ಪಿಯಾನೊ ಮುಂದೆ ಜಾಪ್ಲಿನ್ ಒಬ್ಬನೇ. ನೋಡಿದವರಿಗೆ ರುಚಿಸಲಿಲ್ಲ. ಅಲ್ಲಿಗೆ ಆತನ ಎದೆ ಒಡೆಯಿತು.

ಆಗ ಮದ್ದಿಲ್ಲದಿದ್ದ ರೋಗವೊಂದು ಮೊದಲೇ ದೇಹವನ್ನು ಹೊಕ್ಕಿತ್ತು. ಅದು ಮಿದುಳಿಗೂ ಏರಿ ಬೆರಳುಗಳು ತಪ್ಪತೊಡಗಿದವು. 1917ರ ಏಪ್ರಿಲ್ 1ರಂದು ನ್ಯೂಯಾರ್ಕಿನ ಮಾನಸಿಕ ಆಸ್ಪತ್ರೆಯಲ್ಲಿ ಪ್ರಾಣ ಹೋಯಿತು. ವಯಸ್ಸು ಐವತ್ತು ತುಂಬಿರಲಿಲ್ಲ. ಸಮಾಧಿಯ ಮೇಲೆ ಹೆಸರು ಬರೆದ ಕಲ್ಲನ್ನೂ ಇಡಲಿಲ್ಲ.

1970ರಲ್ಲಿ ಜೋಷುವ ರಿಫ್ಕಿನ್ ಎಂಬಾತ ಜಾಪ್ಲಿನ್ನನ ಕೃತಿಗಳನ್ನು ನಿಧಾನವಾಗಿ ನುಡಿಸಿ ಧ್ವನಿಮುದ್ರಿಕೆ ಹೊರತಂದಾಗ ಜನ ಬೆರಗಾದರು. 1973ರ ದಿ ಸ್ಟಿಂಗ್ ಎಂಬ ಚಲನಚಿತ್ರದಲ್ಲಿ ಆತನ 1902ರ ದಿ ಎಂಟರ್‌ಟೇನರ್ ಕೃತಿಯನ್ನು ಬಳಸಿದರು. ಆ ಚಿತ್ರದ ಸಂಗೀತಕ್ಕೆ ಆಸ್ಕರ್ ಬಂತು. 1974ರಲ್ಲಿ ಸಮಾಧಿಗೆ ಹೆಸರಿನ ಫಲಕ ಬಂತು. ಟ್ರೀಮೊನಿಷ 1972ರಲ್ಲಿ ಅಟ್ಲಾಂಟದಲ್ಲಿ ಪೂರ್ಣವಾಗಿ ರಂಗವೇರಿತು, ಮುಂದೆ ಹ್ಯೂಸ್ಟನ್ನಿನಲ್ಲಿಯೂ ನಡೆಯಿತು. 1976ರಲ್ಲಿ ಆತನಿಗೆ ಪುಲಿಟ್ಜರ್ ಸಂಸ್ಥೆಯ ವಿಶೇಷ ಗೌರವ ಸಂದಿತು. 1903ರ ಆ ಮೊದಲ ಆಪೆರಾದ ಪ್ರತಿಯನ್ನು, ಬಾಡಿಗೆ ಕೊಡಲಾಗದೆ ಇಳಿದುಕೊಂಡಿದ್ದ ಮನೆಯಲ್ಲಿಯೇ ಬಿಟ್ಟುಹೋಗಬೇಕಾಯಿತೆಂದು ಹೇಳುತ್ತಾರೆ. ಅದು ಇಂದಿಗೂ ಸಿಕ್ಕಿಲ್ಲ.