ತಲೆಬುರುಡೆಯೊಳಗೆ ಇಣುಕಿದ ರೈತನ ಮಗ: ಸರ್ ಗಾಡ್‌ಫ್ರಿ ಹೌನ್ಸ್‌ಫೀಲ್ಡ್

ಸಿ.ಟಿ. ಸ್ಕ್ಯಾನ್ ಎಂಬ ಮಾತು ಕೇಳದ ಮನೆ ಇಂದು ಇರಲಾರದು. ಅಜ್ಜನಿಗೆ ಲಕ್ವ ಹೊಡೆಯಿತೆಂದು ಊರಿನಿಂದ ಫೋನ್ ಬಂದರೆ, ಸ್ಕ್ಯಾನ್ ಆಯಿತೇ ಎಂದೇ ನಾವು ಮೊದಲು ಕೇಳುತ್ತೇವೆ. ಮಗು ಮೈದಾನದಲ್ಲಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರೆ ಮಾತ್ರ ಹೆತ್ತವರ ಮನಸ್ಸು ಎರಡು ಕಡೆ ಎಳೆಯುತ್ತದೆ. ಸ್ಕ್ಯಾನ್ ಮಾಡಿಸದಿದ್ದರೆ ಒಳಗೆ ರಕ್ತ ಸೋರಿದ್ದು ತಿಳಿಯದೆ ಹೋದೀತು. ಮಾಡಿಸಿದರೆ ಎಳೆಯ ಮಿದುಳಿಗೆ ವಿಕಿರಣ ತಾಗೀತು. ಎಷ್ಟು ಕಡಿಮೆ ಕಿರಣದಲ್ಲಿ ಎಷ್ಟು ಸ್ಪಷ್ಟ ಚಿತ್ರ ಸಿಕ್ಕೀತು ಎಂಬ ಈ ಲೆಕ್ಕ ಇಂದಿನದಲ್ಲ. ಯಂತ್ರವನ್ನು ಕಟ್ಟಿದ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಅವರ ಮೇಜಿನ ಮೇಲೇ ಅದು ಇತ್ತು.

ಹೌನ್ಸ್‌ಫೀಲ್ಡ್ ಹುಟ್ಟಿದ್ದು 1919ರ ಆಗಸ್ಟ್ 28ರಂದು, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಷೈರ್ ಪ್ರಾಂತ್ಯದಲ್ಲಿ. ತಂದೆ ರೈತ. ಐವರು ಮಕ್ಕಳಲ್ಲಿ ಇವರೇ ಕಿರಿಯರು. ಅಣ್ಣ ಅಕ್ಕಂದಿರಿಗೆ ಅವರದೇ ಆಟಪಾಠ. ಕಿರಿಯವನಿಗೆ ಹೊಲ, ಕಣಜ, ತೆನೆ ಒಕ್ಕುವ ಯಂತ್ರಗಳೇ ಜೊತೆಗಾರರು. ಮನೆಯಲ್ಲೇ ಧ್ವನಿ ಮುದ್ರಿಸುವ ಯಂತ್ರ ಮಾಡಿದರು. ತಾವೇ ಕಟ್ಟಿದ ರೆಕ್ಕೆ ಹಿಡಿದು ಹುಲ್ಲಿನ ಬಣವೆಯ ಮೇಲಿನಿಂದ ಹಾರಿದರು. ಟಾರ್ ಪೀಪಾಯಿಗೆ ನೀರು ತುಂಬಿ, ಅಸಿಟಲೀನ್ ಅನಿಲ ಹೊತ್ತಿಸಿ, ಅದು ಎಷ್ಟು ಎತ್ತರ ಹಾರುತ್ತದೆಂದು ನೋಡಲು ಹೋಗಿ ಸ್ವಲ್ಪದರಲ್ಲಿ ಪಾರಾದರು. (ಮಕ್ಕಳೇ, ಇದನ್ನು ಮಾತ್ರ ಯಾರೂ ಮಾಡಿ ನೋಡಬೇಡಿ!) ಶಾಲೆಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಬಿಟ್ಟರೆ ಬೇರಾವುದೂ ಅವರಿಗೆ ರುಚಿಸಲಿಲ್ಲ.

ಎರಡನೆಯ ಮಹಾಯುದ್ಧ ಬಂದಾಗ ವಾಯುಪಡೆ ಸೇರಿ ರೇಡಾರ್ ಕಲಿತರು, ಕಲಿಸಿದರು. ಯುದ್ಧ ಮುಗಿದ ಮೇಲೆ ಹಿರಿಯ ಅಧಿಕಾರಿಯೊಬ್ಬರ ಸಹಾಯದಿಂದ ಧನಸಹಾಯ ದೊರೆತು, ಲಂಡನ್ನಿನ ಫ್ಯಾರಡೆ ಹೌಸ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಡಿಪ್ಲೊಮಾ ಪಡೆದರು. ವಿಶ್ವವಿದ್ಯಾಲಯದ ಪದವಿ ಅವರಿಗೆ ಇರಲಿಲ್ಲ. ಅಂಕಪಟ್ಟಿಯೊಂದನ್ನೇ ಹಿಡಿದು ಮಕ್ಕಳನ್ನು ಅಳೆಯುವ ನಮ್ಮಂಥ ಪೋಷಕರು ಇದನ್ನೊಮ್ಮೆ ಗಮನಿಸಬಹುದು.

1950ರ ಆಸುಪಾಸಿನಲ್ಲಿ ಅವರು ಇ.ಎಂ.ಐ. ಕಂಪನಿ ಸೇರಿದರು. ನಮ್ಮ ಅಜ್ಜಂದಿರ ಕಾಲದ ಗ್ರಾಮಫೋನ್ ತಟ್ಟೆಗಳ ಮೇಲೆ ಕಹಳೆಯ ಮುಂದೆ ಕುಳಿತ ನಾಯಿಯ ಚಿತ್ರ ಇರುತ್ತಿತ್ತಲ್ಲ, ಅದೇ ಕಂಪನಿ. ಹಾಡಿನ ಜೊತೆಗೆ ರೇಡಾರ್, ಕಂಪ್ಯೂಟರುಗಳನ್ನೂ ಅದು ತಯಾರಿಸುತ್ತಿತ್ತು. ಬ್ರಿಟನ್ನಿನ ಮೊದಮೊದಲ ಟ್ರಾನ್ಸಿಸ್ಟರ್ ಕಂಪ್ಯೂಟರುಗಳಲ್ಲಿ ಒಂದಾದ ಎಮಿಡೆಕ್ 1100 ಹೌನ್ಸ್‌ಫೀಲ್ಡ್ ಅವರ ತಂಡದ ಕೆಲಸ. ಆಮೇಲೆ ಕೈಗೆತ್ತಿಕೊಂಡ ಇನ್ನೊಂದು ಯೋಜನೆ ಕೈಹತ್ತಲಿಲ್ಲ. ಕಂಪನಿ ಅವರನ್ನು ದೂರಲಿಲ್ಲ. ಮುಂದೆ ಏನು ಮಾಡಬಹುದೆಂದು ಯೋಚಿಸಲು ಬಿಡುವು ಕೊಟ್ಟಿತು. 1967ರಲ್ಲಿ ಹೊಳೆದ ವಿಚಾರ ಆ ಬಿಡುವಿನ ಫಲ.

ಮುಚ್ಚಿದ ಪೆಟ್ಟಿಗೆಯ ಮೂಲಕ ಎಲ್ಲ ದಿಕ್ಕುಗಳಿಂದಲೂ ಕಿರಣ ಹಾಯಿಸಿ, ಪ್ರತಿ ಸಲ ಎಷ್ಟು ಹೊರಬಂತೆಂದು ಅಳೆದರೆ, ಪೆಟ್ಟಿಗೆ ತೆರೆಯದೆಯೇ ಒಳಗಿರುವುದನ್ನು ತಿಳಿಯಬಹುದಲ್ಲವೇ ಎಂಬುದು ಆ ವಿಚಾರ. ಇದನ್ನು ನೀವೇ ಆಡಿ ನೋಡಿ. ಚೌಕದಲ್ಲಿ ನಾಲ್ಕು ಮನೆಗಳಿವೆ. ಮೇಲಿನ ಸಾಲಿನ ಮೊತ್ತ 4, ಕೆಳಗಿನದು 6. ಎಡಗಡೆಯ ಎರಡು ಮನೆ ಕೂಡಿದರೆ 5, ಬಲಗಡೆಯವೂ 5. ಎಡಮೇಲಿನಿಂದ ಬಲಕೆಳಗೆ ಓರೆಯಾಗಿ ಕೂಡಿದರೆ 7. ಒಂದೊಂದು ಮನೆಯಲ್ಲೂ ಯಾವ ಸಂಖ್ಯೆ ಇದೆ? ಮೇಲೆ 3 ಮತ್ತು 1, ಕೆಳಗೆ 2 ಮತ್ತು 4. ಹೌನ್ಸ್‌ಫೀಲ್ಡ್ ಬಿಡಿಸಹೊರಟದ್ದು ಇಂಥದೇ ಲೆಕ್ಕವನ್ನು, ಆದರೆ ಮೊದಲ ಯಂತ್ರದಲ್ಲಿ ಮನೆಗಳು 80ಕ್ಕೆ 80, ಅಂದರೆ 6,400, ಮೊತ್ತಗಳು 28,800! ಅವರ ಕಂಪ್ಯೂಟರು ಮೊದಲು ಒಂದು ಅಂದಾಜು ಹಾಕುತ್ತಿತ್ತು, ತಪ್ಪು ಎಷ್ಟೆಂದು ನೋಡಿ ತಿದ್ದುತ್ತಿತ್ತು, ಮತ್ತೆ ನೋಡಿ ಮತ್ತೆ ತಿದ್ದುತ್ತಿತ್ತು.

ಮಾಮೂಲಿ ಎಕ್ಸ್‌ರೇಯಲ್ಲಿ ತಲೆಬುರುಡೆ ಕಾಣುತ್ತದೆ, ಒಳಗಿನ ಮಿದುಳು ಕಾಣುವುದಿಲ್ಲ. ಅದನ್ನು ಅರಿಯಲು ಆಗಿನ ವೈದ್ಯರು ಬೆನ್ನುಹುರಿಯ ಕಡೆಯಿಂದ ಗಾಳಿ ತುಂಬುತ್ತಿದ್ದರು. ರೋಗಿಗೆ ತಾಳಲಾರದ ತಲೆನೋವು. ಕಿರಣಗಳು ಹೊತ್ತು ತರುವ ಮಾಹಿತಿಯಲ್ಲಿ ಹೆಚ್ಚಿನ ಪಾಲು ಎಕ್ಸ್‌ರೇ ಫಿಲ್ಮಿನಲ್ಲಿ ವ್ಯರ್ಥವಾಗುತ್ತಿದೆ ಎಂಬುದನ್ನು ಹೌನ್ಸ್‌ಫೀಲ್ಡ್ ಕಂಡುಕೊಂಡರು. ತಮ್ಮ ವಿಧಾನ ಫಿಲ್ಮಿಗಿಂತ ಸುಮಾರು 100 ಪಟ್ಟು ಸೂಕ್ಷ್ಮವೆಂದು 1973ರಲ್ಲಿ ಅವರು ಪ್ರಕಟಿಸಿದರು.

ಮೊದಲ ಪ್ರಯೋಗಕ್ಕೆ ಹಳೆಯ ಲೇತ್ ಯಂತ್ರದ ಹಾಸು, ಅಮೆರಿಸಿಯಂ ಎಂಬ ದುರ್ಬಲ ವಿಕಿರಣ ಮೂಲ. ಕಿರಣ ತೀರ ಮಂದವಾದ್ದರಿಂದ ಒಂದು ಚಿತ್ರದ ಅಳತೆಗೆ 9 ದಿನ ಹಿಡಿಯಿತು! ಎಕ್ಸ್‌ರೇ ಕೊಳವೆ ತಂದಾಗ ಅದೇ ಕೆಲಸ 9 ಗಂಟೆಗೆ ಇಳಿಯಿತು. ಫಾರ್ಮಲಿನ್‌ನಲ್ಲಿಟ್ಟ ಮಾನವ ಮಿದುಳಿನಿಂದ ಒಳ್ಳೆಯ ಚಿತ್ರ ಬಂದರೂ ಆ ರಾಸಾಯನಿಕವೇ ವ್ಯತ್ಯಾಸವನ್ನು ಹಿಗ್ಗಿಸಿತ್ತೆಂದು ತಿಳಿದು ನಿರಾಶೆಯಾಯಿತು. ತಾಜಾ ಮಿದುಳು ಬೇಕಾಯಿತು. ಸಾಮಾನ್ಯ ಕಸಾಯಿಖಾನೆಗಳಲ್ಲಿ ದನದ ತಲೆಗೆ ಹೊಡೆಯುತ್ತಿದ್ದುದರಿಂದ ಮಿದುಳು ಕೆಡುತ್ತಿತ್ತು; ಹಾಗಾಗಿ ಯಹೂದಿ ಕಟುಕರ ಬಳಿ ಹೋಗಿ, ಹೋರಿಯ ಮಿದುಳನ್ನು ಚೀಲದಲ್ಲಿಟ್ಟುಕೊಂಡು ಲಂಡನ್ನಿನ ಸಾರ್ವಜನಿಕ ವಾಹನಗಳಲ್ಲಿ ತರುತ್ತಿದ್ದರು. ಓದುವಾಗ ಕೆಲವರಿಗೆ ಕಸಿವಿಸಿಯಾದೀತು. ಪಕ್ಕದ ಸೀಟಿನವರಿಗೆ ವಿಷಯ ಗೊತ್ತಿರಲಿಲ್ಲವೆಂಬುದೇ ಸಮಾಧಾನ. ಮುಂದೆ ತಮ್ಮ ತಲೆಯನ್ನೂ ಆ ಯಂತ್ರಕ್ಕೆ ಒಡ್ಡಿದರು.

1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್‌ನಲ್ಲಿದ್ದ ಅಟ್ಕಿನ್‌ಸನ್ ಮಾರ್ಲೆ ಆಸ್ಪತ್ರೆಯಲ್ಲಿ, ಡಾ. ಜೇಮ್ಸ್ ಆಂಬ್ರೋಸ್ ಅವರ ಜೊತೆಗೂಡಿ, ಮೊದಲ ರೋಗಿಯ ಪರೀಕ್ಷೆ ನಡೆಯಿತು. ಮಿದುಳಿನ ಮುಂಭಾಗದಲ್ಲಿ ಗಡ್ಡೆಯಿರುವ ಶಂಕೆಯಿದ್ದ ಮಹಿಳೆ. ತಲೆಯ ಸುತ್ತ ನೀರಿನ ಪೆಟ್ಟಿಗೆ, ನಡುವೆ ರಬ್ಬರ್ ಟೊಪ್ಪಿ; ಒಂದು ಸುತ್ತಿಗೆ ನಾಲ್ಕು ನಿಮಿಷಕ್ಕೂ ಹೆಚ್ಚು. ಅಳತೆಗಳ ಟೇಪನ್ನು ಕಂಪನಿಯ ಕಂಪ್ಯೂಟರಿಗೆ ಕಳುಹಿಸಿ, ಚಿತ್ರ ಬಂದಾಗ ದ್ರವ ತುಂಬಿದ ಗಡ್ಡೆ ಸ್ಪಷ್ಟವಾಗಿತ್ತು. ಶಸ್ತ್ರಚಿಕಿತ್ಸಕರು ತಲೆ ತೆರೆದಾಗ ಚಿತ್ರದಲ್ಲಿದ್ದಂತೆಯೇ ಕಂಡಿತು. ಹೌನ್ಸ್‌ಫೀಲ್ಡ್ ಮತ್ತು ಆಂಬ್ರೋಸ್ ಇಬ್ಬರೂ ಗೆಲುವಿನ ಗೋಲು ಹೊಡೆದ ಫುಟ್‌ಬಾಲ್ ಆಟಗಾರರಂತೆ ಕುಣಿದಾಡಿದರಂತೆ. ಬೀಟಲ್ಸ್ ಹಾಡುಗಳಿಂದ ಬಂದ ಹಣವೇ ಈ ಯಂತ್ರಕ್ಕೆ ಆಧಾರವಾಯಿತೆಂಬ ಸೊಗಸಾದ ಕಥೆಯೊಂದಿದೆ. ವಾಸ್ತವದಲ್ಲಿ ಕಂಪನಿಗಿಂತ ಹೆಚ್ಚು ಹಣ ಹಾಕಿದ್ದು ಬ್ರಿಟಿಷ್ ಸರ್ಕಾರದ ಆರೋಗ್ಯ ಇಲಾಖೆ.

1979ರಲ್ಲಿ ನೊಬೆಲ್ ಬಹುಮಾನ ಬಂತು. ಅದನ್ನು ಹಂಚಿಕೊಂಡ ಅಲನ್ ಕಾರ್ಮ್ಯಾಕ್, ಕ್ಯಾನ್ಸರ್ ರೋಗಿಗಳಿಗೆ ಕೊಡುವ ವಿಕಿರಣದ ಪ್ರಮಾಣವನ್ನು ಸರಿಯಾಗಿ ಲೆಕ್ಕ ಹಾಕಲು ಹೊರಟು ಇದೇ ಗಣಿತಕ್ಕೆ ಬಂದವರು. 1963 ಮತ್ತು 1964ರಲ್ಲಿ ಅವರು ಪ್ರಕಟಿಸಿದ್ದನ್ನು ಹೆಚ್ಚು ಮಂದಿ ಓದಲೇ ಇಲ್ಲ. ಹೌನ್ಸ್‌ಫೀಲ್ಡ್ ಅವರಿಗೂ ತಿಳಿದಿರಲಿಲ್ಲ. 1981ರಲ್ಲಿ ಹೌನ್ಸ್‌ಫೀಲ್ಡ್ ಸರ್ ಪದವಿ ಪಡೆದರು. ಮದುವೆಯಾಗಲಿಲ್ಲ, ಬೆಟ್ಟಗುಡ್ಡ ಸುತ್ತುವುದು, ಪಿಯಾನೊ ನುಡಿಸುವುದು ಇಷ್ಟೇ ಅವರ ವಿಲಾಸ.

ಈಗ ಆ ಲೆಕ್ಕಕ್ಕೆ ಬರೋಣ. ಮಳೆ ಬರುವಾಗ ಅಂಗಳದಲ್ಲಿ ಹತ್ತು ಬಟ್ಟಲು ಇಡಿ. ನಾಲ್ಕು ಹನಿ ಬಿದ್ದು ನಿಂತರೆ ಒಂದರಲ್ಲಿ ಎರಡು ಹನಿ, ಇನ್ನೊಂದರಲ್ಲಿ ಏನೂ ಇಲ್ಲ. ಧಾರಾಕಾರ ಸುರಿದರೆ ಎಲ್ಲವೂ ಸಮನಾಗಿ ತುಂಬುತ್ತವೆ. ಕಿರಣಗಳೂ ಹಾಗೆಯೇ. ಕಡಿಮೆಯಾದರೆ ಚಿತ್ರವೆಲ್ಲ ರವೆ ಚೆಲ್ಲಿದಂತೆ. ಆ ರವೆಯನ್ನು ಅರ್ಧಕ್ಕಿಳಿಸಲು ನಾಲ್ಕು ಪಟ್ಟು ಕಿರಣ ಬೇಕು. ಆದ್ದರಿಂದ ವಿಕಿರಣ ಹೆಚ್ಚಾದಷ್ಟೂ ಚಿತ್ರ ಚೆಂದವಾಗುತ್ತದೆ, ಅಪಾಯ ಕಣ್ಣಿಗೆ ಬೀಳುವುದಿಲ್ಲ. ಲಾಸ್ ಏಂಜಲೀಸ್‌ನ ಆಸ್ಪತ್ರೆಯೊಂದರಲ್ಲಿ ಪಾರ್ಶ್ವವಾಯು ಪರೀಕ್ಷೆಗೆ ಬಂದ 200ಕ್ಕೂ ಹೆಚ್ಚು ರೋಗಿಗಳ ತಲೆಗೆ ಸುಮಾರು 18 ತಿಂಗಳ ಕಾಲ 8 ಪಟ್ಟು ವಿಕಿರಣ ಬಿದ್ದದ್ದು ಬೆಳಕಿಗೆ ಬಂದದ್ದು 2009ರಲ್ಲಿ, ರೋಗಿಯೊಬ್ಬರ ಕೂದಲು ಉದುರಿದ ಮೇಲೆ!

ಸರಿಯಾಗಿ ಮಾಡಿದ ತಲೆಯ ಸ್ಕ್ಯಾನ್ ಸುಮಾರು 2 ಮಿಲಿಸೀವರ್ಟ್. ಗಾಳಿ, ನೆಲ, ಆಕಾಶದಿಂದ ಒಂದು ವರ್ಷದಲ್ಲಿ ನಮಗೆ ತಾನಾಗಿ ಬರುವುದರ ಹತ್ತಿರಹತ್ತಿರ. ಆದರೆ ಮಕ್ಕಳಿಗೂ ದೊಡ್ಡವರ ಅಳತೆಯನ್ನೇ ಹಾಕುತ್ತಿದ್ದಾರೆಂದು 2001ರಲ್ಲಿ ಅಮೆರಿಕದ ವೈದ್ಯರು ಎಚ್ಚರಿಸಿದರು. ಹತ್ತು ವರ್ಷದೊಳಗಿನ ಮಕ್ಕಳ 10,000 ತಲೆ ಸ್ಕ್ಯಾನ್‌ಗಳಿಗೆ ಮುಂದಿನ ಹತ್ತು ವರ್ಷದಲ್ಲಿ ಒಂದು ಮಿದುಳು ಗಡ್ಡೆ ಹೆಚ್ಚಾಗಬಹುದೆಂದು 2012ರ ಬ್ರಿಟಿಷ್ ಅಧ್ಯಯನ ಅಂದಾಜು ಮಾಡಿತು. ಒಳಗೆ ರಕ್ತ ಸೋರುತ್ತಿರುವ ಮಗುವಿನ ಎದುರು ಇದು ತೀರ ಸಣ್ಣ ಅಪಾಯ; ಬರಿಯ ಬೋರೆ ಎದ್ದ ಮಗುವಿಗೆ ಅದೂ ಬೇಕಿಲ್ಲ. ಯಾವ ಮಗುವಿಗೆ ಸ್ಕ್ಯಾನ್ ಬೇಡವೆಂದು ಗುರುತಿಸುವ ನಿಯಮಗಳನ್ನು ಅಮೆರಿಕದಲ್ಲಿ 42,000ಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ 2009ರಲ್ಲಿ ರೂಪಿಸಿದ್ದಾರೆ. ಬೇಕೇಬೇಕಾದಾಗ ತಲೆಯ ಗಾತ್ರಕ್ಕೆ ತಕ್ಕಂತೆ ಕಿರಣ ಇಳಿಸುತ್ತಾರೆ, ಕಣ್ಣಿನ ಮಸೂರ ತಪ್ಪುವಂತೆ ತಲೆಯನ್ನೋ ಯಂತ್ರವನ್ನೋ ಓರೆ ಮಾಡುತ್ತಾರೆ, ಬೇಕಾದಷ್ಟು ಭಾಗವನ್ನಷ್ಟೇ ತೆಗೆಯುತ್ತಾರೆ.

ಇನ್ನೊಂದು ಉಪಾಯ ನನಗೆ ಬಹಳ ಇಷ್ಟ. ಅಂದಾಜು ಹಾಕಿ ತಿದ್ದಿ ಮತ್ತೆ ತಿದ್ದುವ ಹೌನ್ಸ್‌ಫೀಲ್ಡ್ ಅವರ ಕ್ರಮ ನಿಧಾನವೆಂದು ಎಲ್ಲರೂ ಅದನ್ನು ಬೇಗ ಕೈಬಿಟ್ಟು, ಒಂದೇ ಏಟಿಗೆ ಮುಗಿಯುವ ಗಣಿತಕ್ಕೆ ಹೋಗಿದ್ದರು. ಕಂಪ್ಯೂಟರುಗಳು ಬಲವಾದ ಮೇಲೆ, 2009ರ ಹೊತ್ತಿಗೆ, ಆ ಹಳೆಯ ಕ್ರಮವೇ ಹೊಸ ರೂಪದಲ್ಲಿ ಮರಳಿ ಬಂತು. ರವೆಯನ್ನು ಕಂಪ್ಯೂಟರು ತಿದ್ದಿ ತೆಗೆಯುವುದರಿಂದ, ಮೊದಲಿಗಿಂತ ಕಡಿಮೆ ಕಿರಣದಲ್ಲಿ ಅದೇ ಸ್ಪಷ್ಟತೆ ಸಿಗುತ್ತದೆ. ಆದರೆ ಅತಿಯಾಗಿ ನುಣುಪು ಮಾಡಿದರೆ ಸಣ್ಣ ಗಾಯವೂ ಅಳಿಸಿಹೋದೀತು. ಹಾಗಾಗಿ ಕಣ್ಣು ಪಳಗಿದ ವೈದ್ಯರು ಬೇಕೇ ಬೇಕು.

ತಮ್ಮ ಕ್ರಮ ಹೀಗೆ ಮರಳಿದ್ದನ್ನು ನೋಡಲು ಹೌನ್ಸ್‌ಫೀಲ್ಡ್ ಇರಲಿಲ್ಲ. 2004ರ ಆಗಸ್ಟ್ 12ರಂದು ತೀರಿಕೊಂಡಿದ್ದರು. ಸಿ.ಟಿ. ಚಿತ್ರದ ಕಪ್ಪು ಬಿಳುಪನ್ನು ಅಳೆಯುವ ಮಾನಕ್ಕೆ ಅವರದೇ ಹೆಸರು: ಗಾಳಿ ಮೈನಸ್ 1000, ನೀರು 0. ಬೆಳಿಗ್ಗೆ ಮೊದಲ ರೋಗಿ ಬರುವ ಮುನ್ನ ತಂತ್ರಜ್ಞರು ನೀರು ತುಂಬಿದ ಉರುಟು ಡಬ್ಬವೊಂದನ್ನು ಯಂತ್ರದೊಳಗಿಟ್ಟು ನೋಡುತ್ತಾರೆ. ನೀರು ಸೊನ್ನೆಗೆ ನಿಲ್ಲಬೇಕು, ರವೆ ಮಿತಿಯೊಳಗಿರಬೇಕು. ಆಮೇಲೆಯೇ ಬಾಗಿಲು ತೆರೆದು ರೋಗಿಯನ್ನು ಒಳಗೆ ಕರೆಯುತ್ತಾರೆ.