ಏಳು ತಂತಿಯ ಚೌಡಯ್ಯ: ಉಳಿಯಬೇಕಾದ ನಾದ

ಪಿಟೀಲು ವಿದ್ವಾನ್ ಟಿ.ಚೌಡಯ್ಯನವರು 1895ರ ಜನವರಿ 1ರಂದು ತಿ.ನರಸೀಪುರ ಸಮೀಪದ ತಿರುಮಕೂಡಲಿನಲ್ಲಿ ಜನಿಸಿದರು. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಬಳಿ ಕಠಿಣ ಸಾಧನೆ ನಡೆಸಿ, ಮುಂದೆ ಆಸ್ಥಾನ ವಿದ್ವಾಂಸರಾದರು.

ಧ್ವನಿವರ್ಧಕಗಳಿಲ್ಲದ ಅಂದಿನ ಕಚೇರಿಗಳಲ್ಲಿ ಪಿಟೀಲಿನ ನಾದ ಹಿಂದಿನ ಸಾಲುಗಳಿಗೆ ಸರಿಯಾಗಿ ತಲುಪುತ್ತಿರಲಿಲ್ಲ. ಇದನ್ನು ಮನಗಂಡ ಅವರು ನಾಲ್ಕು ತಂತಿಗಳಿಗೆ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು. ಜೋಡಿ ತಂತಿಗಳು ಒಂದೇ ಸ್ವರವನ್ನು ಎರಡು ಸ್ಥಾಯಿಗಳಲ್ಲಿ ಏಕಕಾಲಕ್ಕೆ ನುಡಿದು ನಾದಕ್ಕೆ ತುಂಬುತನ ತಂದವು. ಅರಿಯಕುಡಿ, ಚೆಂಬೈ ಮೊದಲಾದ ಗಾಯಕರಿಗೆ ಪಕ್ಕವಾದ್ಯ ನುಡಿಸಿದ ಅವರಿಗೆ 1957ರಲ್ಲಿ ಸಂಗೀತ ಕಲಾನಿಧಿ ಗೌರವ ಸಂದಿತು. 1967ರ ಜನವರಿ 19ರಂದು ನಿಧನರಾದರು. ಪಿಟೀಲಿನ ಆಕಾರದ ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನ ಅವರ ಹೆಸರನ್ನು ಉಳಿಸಿದೆ.

ಅವರ ನಾದವಾದರೋ ಧ್ವನಿಮುದ್ರಣಗಳಲ್ಲಷ್ಟೇ ಉಳಿದಿದೆ. ಇಂದು ಅವು ಕೇಳುಗರನ್ನು ಹೆಚ್ಚಾಗಿ ತಲುಪುವುದು ಸಂಕುಚಿತ ಕಡತಗಳ ರೂಪದಲ್ಲಿ. ಸಿ.ಡಿ.ಗೆ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್ ಬೇಕು. 128 ಕಿಲೋಬಿಟ್‌ನ ಎಂಪಿ3ಗೆ ಅದರ ಹನ್ನೊಂದನೆಯ ಒಂದು ಪಾಲು ಸಾಕು. ಕಿವಿಗೆ ಕೇಳಿಸದೆಂದು ಲೆಕ್ಕ ಹಾಕಿದ ಸೂಕ್ಷ್ಮಾಂಶಗಳನ್ನು ಕೈಬಿಡುವುದರಿಂದ ಈ ಉಳಿತಾಯ ಸಾಧ್ಯವಾಗುತ್ತದೆ. ಬಿಟ್‌ರೇಟ್ ಮತ್ತಷ್ಟು ತಗ್ಗಿದರೆ ಕಮಾನಿನ ಮೊನಚು, ಮೇಲಿನ ಅನುರಣನಗಳು ಮಸುಕಾಗುತ್ತವೆ. ಹಳೆಯ ತಟ್ಟೆಗಳ ಗರಗರ ಸದ್ದೂ ಬಿಟ್‌ಗಳಲ್ಲಿ ಪಾಲು ಪಡೆಯುವುದರಿಂದ ಸಂಗೀತಕ್ಕೆ ದೊರೆಯುವುದು ಇನ್ನೂ ಕಡಿಮೆ.

ಒಮ್ಮೆ ಕಳೆದುಕೊಂಡದ್ದು ಕಡತವನ್ನು 320 ಕಿಲೋಬಿಟ್‌ಗೆ ಏರಿಸಿದರೂ ಮರಳದು. ಆದ್ದರಿಂದ ಮೂಲ ತಟ್ಟೆಯಿಂದ ಪಡೆದ ಪ್ರತಿಯನ್ನು ಫ್ಲ್ಯಾಕ್‌ನಂತಹ ನಷ್ಟರಹಿತ ರೂಪದಲ್ಲಿ ಕಾಪಿಟ್ಟು, ಹಂಚಿಕೆಗೆ ಮಾತ್ರ ಎಂಪಿ3 ಬಳಸುವುದು ಸೂಕ್ತ. ಕೊನೆಯ ಸಾಲಿನ ಶ್ರೋತೃವಿಗಾಗಿ ವಾದ್ಯವನ್ನೇ ಮಾರ್ಪಡಿಸಿದ ವಿದ್ವಾಂಸರಿಗೆ ಸಲ್ಲಬೇಕಾದ ಕನಿಷ್ಠ ಗೌರವವಿದು.